ಹೆಸರಿದ್ದ ಜಾಗದಲ್ಲಿ ಬೈಗುಳ

ಕರ್ನಾಟಕದ ಗಡಿಗೆ ಹೊಂದಿಕೊಂಡ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಮರಾಠಿ ಊರಿನ ಮಾತು, ಕನ್ನಡ ಹಲವು ಮನೆಗಳ ಮಾತು. ಬೈಗುಳಕ್ಕೆ ಮಾತ್ರ ಈ ಭೇದವಿಲ್ಲ. ದಾನೋಳಿ, ಜಯಸಿಂಗಪುರ, ಕುರುಂದವಾಡದ ಕಡೆ ಬುದ್ಧಿಯ ಬೆಳವಣಿಗೆ ನಿಧಾನವಾದ ಒಬ್ಬನನ್ನು ಕರೆಯಲು ಎರಡೂ ನುಡಿಗಳಲ್ಲಿ ಬೇಕಾದಷ್ಟು ಮಾತುಗಳಿವೆ. ಮರಾಠಿಯಿಂದ ‘ಖುಳಾ’, ‘ಯೇಡಾ’, ‘ಅರ್ಧವಟ’, ‘ಬಾವಳಟ’. ಕನ್ನಡದಿಂದ ‘ಹುಚ್ಚ’, ‘ಮಬ್ಬ’, ‘ದಡ್ಡ’, ‘ಹುಚ್ಚಪ್ಯಾಲಿ’. ಇಂಗ್ಲಿಷಿನಿಂದ ಬಂದು ಎರಡಕ್ಕೂ ಸಮನಾಗಿ ಸೇರಿಹೋದ ‘ಮೆಂಟಲ್’. ಇವುಗಳಲ್ಲಿ ಒಂದೂ ಕದ್ದುಮುಚ್ಚಿ ಆಡುವ ಮಾತಲ್ಲ. ಜಾತಿ ಎತ್ತಿ ಬೈದರೆ ಕೇಸಾಗುತ್ತದೆ, ತಾಯಿಯ ಹೆಸರು ತೆಗೆದರೆ ಹೊಡೆದಾಟವಾಗುತ್ತದೆ, ‘ಖುಳಾ’ ಎಂದರೆ ನಗು ಬರುತ್ತದೆ. ಈ ಕಡೆಯ ಜನ ಇದನ್ನು ಬೈಗುಳಗಳ ಲೆಕ್ಕದಲ್ಲೇ ಹಿಡಿದಿಲ್ಲ.

ಅದಕ್ಕೆ ಒಂದು ಕಾರಣವೂ ಇದೆ. ಕೊಲ್ಹಾಪುರದ ಮಾತಿನಲ್ಲಿ ‘ಖುಳ್ಯಾ’, ‘ಯೇಡ್ಯಾ’ ಎನ್ನುವುದು ಗೆಳೆಯರ ನಡುವಿನ ಸಲಿಗೆ. ತಾಯಿ ಮಗನನ್ನು ಮುದ್ದಿನಿಂದ ‘ಹುಚ್ಚಪ್ಪಾ’ ಎನ್ನುತ್ತಾಳೆ, ಅಕ್ಕ ತಂಗಿಯನ್ನು ‘ಹುಚ್ಚಿ’ ಎನ್ನುತ್ತಾಳೆ. ಈ ಸಲಿಗೆ ಸುಳ್ಳಲ್ಲ. ಗಡಿಯ ಮಾತಿನ ಬಿಸುಪಿನ ಭಾಗವೇ ಅದು. ಆದರೆ ಗೆಳೆಯನಿಗೆ ಆ ಮಾತು ಬಂದುಹೋಗುವ ಮಾತು. ಅದನ್ನು ಕೇಳಿಸಿಕೊಂಡವನು ತಿರುಗಿ ಅದನ್ನೇ ಅನ್ನಬಲ್ಲ. ಮರುಕ್ಷಣ ತನ್ನ ಹೆಸರಿಗೆ, ಅಣ್ಣನೋ ಮಾವನೋ ಪಾಟೀಲನೋ ಆಗಿ ಮರಳಬಲ್ಲ. ಬೌದ್ಧಿಕ ಅಸಾಮರ್ಥ್ಯ ಇರುವವನಿಗೆ ಮರಳುವ ಜಾಗವಿಲ್ಲ. ಅವನಿಗೆ ಆ ಮಾತೇ ಹೆಸರು.

ಈ ಕಡೆಯ ಯಾವುದೇ ಹಾಲಿನ ಡೇರಿಯ ಮುಂದೆ ಸಂಜೆ ಹೊತ್ತು ನಿಂತರೆ ಇದು ಕಾಣಸಿಗುತ್ತದೆ. ಕ್ಯಾನು ಹಿಡಿದವರ ಸಾಲಿನಲ್ಲಿ ಮೂವತ್ತು ದಾಟಿದ ಒಬ್ಬ, ತನ್ನ ಮನೆಯದರ ಜೊತೆ ಪಕ್ಕದ ಮನೆಯ ಮುದುಕಿಯ ಕಿಟ್ಲಿಯನ್ನೂ ತಂದಿರುತ್ತಾನೆ. ಯಾವ ಕಿಟ್ಲಿ ಯಾರದು ಎಂಬುದರಲ್ಲಿ ಅವನು ತಪ್ಪುವುದಿಲ್ಲ. ಅವನು ಬಂದದ್ದೇ ತಡ, ಸಾಲಿನಲ್ಲಿ ಯಾರೋ ‘ಆಲಾ ಬಘಾ ಖುಳಾ’ (ಬಂದ ನೋಡ್ರಿ ಹುಚ್ಚ) ಎನ್ನುತ್ತಾರೆ. ಇನ್ನೊಬ್ಬರು ‘ಮದುವಿ ಯಾವಾಗೋ?’ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ. ಗಮನವಿಟ್ಟು ನೋಡಿದರೆ ಅವನ ನಗು ಉಳಿದವರದಕ್ಕಿಂತ ಒಂದು ಗಳಿಗೆ ತಡವಾಗಿ ಬರುತ್ತದೆ. ಮಾತು ಕೇಳಿ ಬಂದ ನಗುವಲ್ಲ ಅದು, ಮುಖಗಳನ್ನು ನೋಡಿ ಬಂದದ್ದು. ಫ್ಯಾಟು, ಲೀಟರು ಬರೆದ ಚೀಟಿ ಕೈಗೆ ಬರುತ್ತದೆ. ಅದರಲ್ಲಿ ಅವನ ತಂದೆಯ ಹೆಸರಿದೆ. ಆ ಸಾಲಿನಲ್ಲಿರುವ ಹುಡುಗರನ್ನು ಅವನ ನಿಜವಾದ ಹೆಸರು ಏನೆಂದು ಕೇಳಿದರೆ ಅರ್ಧ ಜನ ಯೋಚಿಸಬೇಕಾಗುತ್ತದೆ.

ಬೈಗುಳ ಮಾಡುವ ಮೊದಲ ಹಾನಿ ಇದು. ಎರಡನೆಯದು ತಿಳುವಳಿಕೆಗೆ ಆಗುವ ಹಾನಿ. ‘ಹುಚ್ಚ’ ಎಂಬ ಒಂದೇ ಮಾತು ಎರಡು ಬೇರೆ ಸ್ಥಿತಿಗಳನ್ನು ಕಲಸಿಹಾಕುತ್ತದೆ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲೂ ಬರಬಹುದು, ಚಿಕಿತ್ಸೆಯಿಂದ ಹಿಡಿತಕ್ಕೆ ಬರಬಹುದು. ಬೌದ್ಧಿಕ ಅಸಾಮರ್ಥ್ಯ ಕಾಯಿಲೆಯಲ್ಲ. ಎಳವೆಯಿಂದಲೇ ಕಲಿಯುವ, ತರ್ಕಿಸುವ, ದಿನನಿತ್ಯದ ವ್ಯವಹಾರ ನಡೆಸುವ ಶಕ್ತಿಗಳಲ್ಲಿ ಇರುವ ಮಿತಿ. ಅದಕ್ಕೆ ಗುಳಿಗೆ ಇಲ್ಲ, ತರಬೇತಿ ಇದೆ. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದು ಹಳ್ಳಿಯ ಮಾತು ಮಾತ್ರವಲ್ಲ. 2001ರ ಜನಗಣತಿ ಕೂಡ ಎರಡನ್ನೂ ಸೇರಿಸಿ ‘ಮಾನಸಿಕ’ ಎಂಬ ಒಂದೇ ಕಲಮಿನಲ್ಲಿ ಸುಮಾರು 22.6 ಲಕ್ಷ ಜನರನ್ನು ಎಣಿಸಿತ್ತು. 2011ರಲ್ಲಿ ಕಲಮು ಬೇರೆಯಾದಾಗ ಬುದ್ಧಿಮಾಂದ್ಯ ಎಂದು ದಾಖಲಾದವರು ಸುಮಾರು 15 ಲಕ್ಷ, ಮಾನಸಿಕ ಕಾಯಿಲೆಯವರು 7.2 ಲಕ್ಷ. ಸರ್ಕಾರಕ್ಕೇ ಗೊತ್ತಾಗದ ಭೇದ ಹಾಲಿನ ಸಾಲಿನಲ್ಲಿ ನಿಂತವರಿಗೆ ಗೊತ್ತಿರಲಿಲ್ಲ ಎಂದು ದೂರುವಂತಿಲ್ಲ. ಆದರೆ ಈ ಗೊಂದಲದ ಬೆಲೆ ತೆರುವುದು ಮಗು. ಮೂರು ವರ್ಷಕ್ಕೆ ಮಾತು ಬಾರದ ಮಗುವನ್ನು ತಜ್ಞರ ಹತ್ತಿರ ತೋರಿಸಿ ತರಬೇತಿ ಕೊಡಿಸಬೇಕಾದ ಕಾಲದಲ್ಲಿ ‘ಹುಚ್ಚಿನ’ ಮದ್ದು ಹುಡುಕುತ್ತ, ತಾಯತ ಕಟ್ಟಿಸುತ್ತ ವರ್ಷಗಳು ಕಳೆದುಹೋಗುತ್ತವೆ.

ಈ ಗೊಂದಲ ಗಾದೆಗಳಲ್ಲೂ ಇದೆ. ‘ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ’ ಎಂಬ ಗಾದೆಯನ್ನು ಬಿಡಿಸಲಾಗದ ಕಗ್ಗಂಟಿಗೆ ಹೋಲಿಕೆಯಾಗಿ ಕನ್ನಡಿಗರೆಲ್ಲ ಬಳಸುತ್ತಾರೆ. ಆದರೆ ಅದರ ಎರಡನೆಯ ಅರ್ಧವನ್ನು ನಿಜವೆಂದೇ ನಂಬಿ, ಬುದ್ಧಿ ಬೆಳೆಯದ ಮಗನಿಗೋ ಮಗಳಿಗೋ ಏನೂ ಹೇಳದೆ ಕೇಳದೆ ಮದುವೆ ಮಾಡಿ, ಎರಡು ಜೀವಗಳನ್ನು ಕಷ್ಟಕ್ಕೆ ನೂಕಿದ ಮನೆಗಳು ಗಡಿಯ ಎರಡೂ ಕಡೆ ಇವೆ. ಡೇರಿಯ ಮುಂದಿನ ‘ಮದುವಿ ಯಾವಾಗೋ’ ಎಂಬ ತಮಾಷೆಯ ಬೇರು ಇಲ್ಲಿದೆ. ‘ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ’ ಎಂಬ ಗಾದೆಯಂತೂ ಏಕಕಾಲಕ್ಕೆ ಇಬ್ಬರನ್ನು ಹೀಯಾಳಿಸುತ್ತದೆ: ವಿಧವೆಯನ್ನು ಮತ್ತು ಬುದ್ಧಿ ಸ್ವಾಧೀನದಲ್ಲಿಲ್ಲದವಳನ್ನು. ವಿದ್ಯಾವಂತರ ಭಾಷಣಗಳಲ್ಲೂ ಇದು ಈಗಲೂ ಚಪ್ಪಾಳೆ ಗಿಟ್ಟಿಸುತ್ತದೆ.

ಶಾಲೆಯಲ್ಲಿ ಮಾತು ಬೇರೆ. ಮರಾಠಿ ಶಾಲೆಗಳಲ್ಲಿ ಹಿಂದುಳಿದ ಮಗುವಿಗೆ ‘ಢ’ ಎಂಬ ಒಂದೇ ಅಕ್ಷರದ ಬಿರುದಿದೆ. ಬ್ರಾಹ್ಮೀ ಲಿಪಿಯ ಕಾಲದಿಂದ ಇಂದಿನವರೆಗೆ ಆಕಾರ ಬದಲಿಸದ ಅಕ್ಷರ ಅದೊಂದೇ, ಹಾಗಾಗಿ ಮುಂದೆ ಹೋಗದವನಿಗೆ ಆ ಹೆಸರು ಎಂದು ವಿವರಣೆ ಕೊಡುವುದುಂಟು. ವಿವರಣೆ ಜಾಣತನದ್ದು; ಅದನ್ನು ಹೊತ್ತು ಕೊನೆಯ ಬೆಂಚಿನಲ್ಲಿ ಕೂತ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಬೌದ್ಧಿಕ ಅಸಾಮರ್ಥ್ಯ ಇರುವವರಲ್ಲಿ ಬಹುಪಾಲು ಜನರದ್ದು ಸೌಮ್ಯ ಪ್ರಮಾಣದ್ದು. ನೋಟಕ್ಕೆ ಏನೂ ತಿಳಿಯದ ಈ ಮಕ್ಕಳು ಸಾಮಾನ್ಯ ಶಾಲೆಯಲ್ಲೇ ಇರುತ್ತಾರೆ. ‘ಢ’, ‘ದಡ್ಡ’, ‘ತಲ್ಯಾಗ ಸೆಗಣಿ’ ಎಂಬ ಮಾತುಗಳು ಮೊದಲು ತಾಗುವುದು ಇವರಿಗೇ. ಅಸಾಮರ್ಥ್ಯ ಇದೆಯೆಂದು ಗುರುತಿಸುವ ಮೊದಲೇ ಬೈಗುಳ ಆ ಕೆಲಸವನ್ನು ಮುಗಿಸಿರುತ್ತದೆ, ಮತ್ತು ತಪ್ಪಾಗಿ ಮುಗಿಸಿರುತ್ತದೆ: ಮಿತಿಯನ್ನು ಸೋಮಾರಿತನವೆಂದು ಓದಿಬಿಟ್ಟಿರುತ್ತದೆ.

ಹೀಯಾಳಿಕೆಯ ಎದುರು ತುದಿಯಲ್ಲಿ ಇನ್ನೊಂದು ರೂಢಿ ಇದೆ. ಅದನ್ನು ಗೌರವವೆಂದು ತಿಳಿಯುವವರಿದ್ದಾರೆ. ‘ದೇವರ ಮಗ’, ‘ದೇವರಂಥವ’ ಎಂಬ ಮಾತುಗಳವು. ಕನ್ನಡದಲ್ಲಿ ‘ಮರುಳ’ ಎಂಬುದಕ್ಕೆ ಪೂಜ್ಯವಾದ ಅರ್ಥವೂ ಉಂಟು; ಕಲ್ಯಾಣದ ಶರಣರಲ್ಲಿ ಮರುಳಶಂಕರದೇವನನ್ನು ಜನ ಬಹುಕಾಲ ಮರುಳನೆಂದೇ ಕಡೆಗಣಿಸಿದ್ದರು ಎಂಬ ಕಥೆ ಪ್ರಸಿದ್ಧ. ಆದರೆ ಲೋಕದ ಹಂಗು ತೊರೆದ ಶರಣನ ಮರುಳು ಬೇರೆ, ಹುಟ್ಟಿನಿಂದ ಬಂದ ಮಿತಿ ಬೇರೆ. ಎರಡನ್ನೂ ಒಂದೆಂದು ಮಾಡಿ, ಇಂಥ ಮಿತಿ ಇರುವವನ ತೊದಲು ಮಾತಿನಲ್ಲಿ ಮಟ್ಕಾದ ಅಂಕಿ ಹುಡುಕುವುದು, ಅವನನ್ನು ಕೂರಿಸಿ ಕಾಣಿಕೆ ಎತ್ತುವುದು ನಡೆಯುತ್ತ ಬಂದಿದೆ. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಳಕರ್ ಅವರ ಕೊಲೆಯ ನಂತರ 2013ರಲ್ಲಿ ಮಹಾರಾಷ್ಟ್ರ ತಂದ ಮೌಢ್ಯವಿರೋಧಿ ಕಾನೂನಿನ ಪರಿಶಿಷ್ಟದಲ್ಲಿ ಇದಕ್ಕೆಂದೇ ಒಂದು ಕಲಮು ಇದೆ: ಮಂದಬುದ್ಧಿಯ ವ್ಯಕ್ತಿಯಲ್ಲಿ ಅಲೌಕಿಕ ಶಕ್ತಿ ಇದೆಯೆಂದು ತೋರಿಸಿ ಅವನನ್ನು ದಂಧೆಗೆ ಬಳಸುವುದು ಅಪರಾಧ. ಕಾನೂನು ಬರೆದವರು ಊರನ್ನು ಸರಿಯಾಗಿಯೇ ನೋಡಿದ್ದಾರೆ. ದೇವರೆಂದರೂ ಹುಚ್ಚನೆಂದರೂ ಅವನು ಮನುಷ್ಯರ ಸಾಲಿನಿಂದ ಹೊರಗೇ ಉಳಿಯುತ್ತಾನೆ.

ಸಿನಿಮಾ ಈ ಎರಡು ತುದಿಗಳ ನಡುವೆ ಓಲಾಡಿದೆ. 1991ರ ಮರಾಠಿ ಚಿತ್ರ ‘ಚೌಕಟ್ ರಾಜಾ’ದಲ್ಲಿ ದಿಲೀಪ್ ಪ್ರಭಾವಳಕರ್ ಅಭಿನಯಿಸಿದ, ಬೌದ್ಧಿಕ ಅಸಾಮರ್ಥ್ಯದ ನಂದು ಕೊಲ್ಹಾಪುರ ಸೀಮೆಯ ಒಂದು ತಲೆಮಾರಿಗೆ ಅಂಥವನ ಒಳಗೂ ಒಂದು ಜೀವವಿದೆ ಎಂದು ತೋರಿಸಿಕೊಟ್ಟ. ತೆಲುಗಿನಿಂದ 2003ರಲ್ಲಿ ಕನ್ನಡಕ್ಕೆ ಬಂದ ‘ಸ್ವಾತಿ ಮುತ್ತು’ ಮುಗ್ಧತೆಯನ್ನೇ ಗುಣವಾಗಿ ಮೆರೆಸಿತು. ಎರಡೂ ಕಣ್ಣೀರು ತರಿಸಿದವು. ಆದರೆ ಅದೇ ಜನ, ಅದೇ ಟಾಕೀಸುಗಳಲ್ಲಿ, ಹಾಸ್ಯನಟ ಬಾಯಿ ಸೊಟ್ಟಗೆ ಮಾಡಿ ತೊದಲಿದ್ದಕ್ಕೂ ಸಿಳ್ಳೆ ಹಾಕಿದ್ದಾರೆ. ಕನಿಕರ ಭಾಷೆಯನ್ನು ತಿದ್ದಲಿಲ್ಲ.

ಭಾಷೆ ತಿದ್ದಲು ನಡೆದ ಅಧಿಕೃತ ಪ್ರಯತ್ನಗಳ ಚರಿತ್ರೆ ಉದ್ದವಾದದ್ದು. ಇಂಗ್ಲಿಷಿನ ‘ಈಡಿಯಟ್’, ‘ಇಂಬೆಸಿಲ್’ ಒಂದು ಕಾಲದಲ್ಲಿ ವೈದ್ಯರ ಪುಸ್ತಕದ ಪದಗಳು. ‘ಮೋರಾನ್’ ಎಂಬುದನ್ನು 1910ರಲ್ಲಿ ಮನೋವಿಜ್ಞಾನಿ ಹೆನ್ರಿ ಗಾಡರ್ಡ್ ವರ್ಗೀಕರಣಕ್ಕೆಂದೇ ಹುಟ್ಟಿಸಿದರು. ಅವು ಬೈಗುಳಗಳಾದ ಮೇಲೆ ಸೌಮ್ಯವೆಂದು ‘ಮೆಂಟಲ್ ರಿಟಾರ್ಡೇಶನ್’ ಬಂತು. ಅದೂ ಬೈಗುಳವಾಗಿ 2010ರಲ್ಲಿ ಅಮೆರಿಕ, ರೋಸಾ ಎಂಬ ಬಾಲಕಿಯ ಹೆಸರಿನಲ್ಲಿ ‘ರೋಸಾಳ ಕಾನೂನು’ ಮಾಡಿ ತನ್ನ ಹಲವು ಕಾಯ್ದೆಗಳಿಂದ ಆ ಪದವನ್ನು ಕಿತ್ತುಹಾಕಿತು. ಭಾರತದಲ್ಲಿ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ‘ಈಡಿಯಟ್’ 1976ರಲ್ಲಿ ಹೋಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ‘ಮೆಂಟಲ್ ರಿಟಾರ್ಡೇಶನ್’ ಜಾಗಕ್ಕೆ 2016ರ ಕಾಯ್ದೆ ಬೌದ್ಧಿಕ ಅಸಾಮರ್ಥ್ಯವನ್ನು ತಂದಿತು. ಆದರೂ ಅದೇ 2016ರ ಕಾಯ್ದೆ ಮಾನಸಿಕ ಕಾಯಿಲೆಯನ್ನು ವಿವರಿಸುವಾಗ ಹಳೆಯ ‘ರಿಟಾರ್ಡೇಶನ್’ ಪದವನ್ನೇ ಬಳಸುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೂ ಅದು ಉಳಿದಿದೆ.

ನಮ್ಮ ನುಡಿಗಳ ಕಥೆಯೂ ಇದೇ. ಮರಾಠಿಯ ‘ಮತಿಮಂದ’, ಕನ್ನಡದ ‘ಬುದ್ಧಿಮಾಂದ್ಯ’ ಎರಡೂ ‘ವೇಡಾ’, ‘ಹುಚ್ಚ’ ಎಂಬುದಕ್ಕೆ ಬದಲಾಗಿ ಮರ್ಯಾದೆಯ ಮಾತೆಂದೇ ಬಂದವು. ‘ಮತಿಮಂದ ಮುಲಾಂಚೀ ಶಾಳಾ’ (ಬುದ್ಧಿಮಾಂದ್ಯ ಮಕ್ಕಳ ಶಾಲೆ) ಎಂಬ ಫಲಕ ಏರಿದ ಮೇಲೆ ಅಂಗಳದಲ್ಲಿ ಜಗಳವಾಡುವ ಹುಡುಗರ ಬಾಯಲ್ಲಿ ‘ಮತಿಮಂದ’ ಹೊಸ ಬೈಗುಳವಾಯಿತು. ಮುಂದೆ ಬಂದ ‘ದಿವ್ಯಾಂಗ’, ಕರ್ನಾಟಕದ ‘ವಿಕಲಚೇತನ’ ಕೂಡ ಅದೇ ದಾರಿಯಲ್ಲಿವೆ. ಹಾಗಾದರೆ ಪದ ಬದಲಿಸುವುದೇ ವ್ಯರ್ಥವೆಂದು ಕೆಲವರು ವಾದಿಸುತ್ತಾರೆ. ಇದು ಅರ್ಧ ಸತ್ಯ. ಕಚೇರಿಯ ಪದ ಬದಲಾದರೆ ಪ್ರಮಾಣಪತ್ರ ಹಿಡಿದು ನಿಂತ ತಾಯಿ ಆ ಕಾಗದವನ್ನು ತಲೆತಗ್ಗಿಸದೆ ಓದಬಹುದು. ಅದು ಸಣ್ಣ ಲಾಭವಲ್ಲ. ಆದರೆ ಪದ ಕೆಡುವುದು ಅಕ್ಷರಗಳಿಂದಲ್ಲ. ಬುದ್ಧಿ ಕಡಿಮೆ ಇರುವುದೇ ಅವಮಾನ ಎಂಬ ನಂಬಿಕೆ ಹಾಗೇ ಇದ್ದರೆ ಯಾವ ಪದ ಬಂದರೂ ಅದಕ್ಕೆ ಅದೇ ಕಲೆ ಅಂಟುತ್ತದೆ.

ಕಾನೂನಿನಲ್ಲಿ ಶಿಕ್ಷೆಯ ದಾರಿಯೂ ಇದೆ. 2016ರ ಅಂಗವಿಕಲರ ಕಾಯ್ದೆಯ 92ನೇ ಕಲಮಿನ ಪ್ರಕಾರ, ಅವಮಾನಿಸುವ ಉದ್ದೇಶದಿಂದ ಅಂಗವಿಕಲ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ನಿಂದಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಸಜೆ ಮತ್ತು ದಂಡ ಇದೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು, ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಅವರ ಪ್ರಕರಣದಲ್ಲಿ, ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ಗೆರೆ ಎಳೆಯಿತು. ಒಳ್ಳೆಯ ಗೆರೆ. ಆದರೆ ಡೇರಿಯ ಸಾಲಿಗೆ ಈ ಕಲಮು ಸುಲಭವಾಗಿ ಇಳಿಯುವುದಿಲ್ಲ. ಅಲ್ಲಿ ಅವಮಾನಿಸುವ ಉದ್ದೇಶ ತಮಗಿತ್ತೆಂದು ಯಾರೂ ಒಪ್ಪುವುದಿಲ್ಲ, ಮತ್ತು ಬಹುಮಟ್ಟಿಗೆ ಅವರು ಸುಳ್ಳು ಹೇಳುತ್ತಿಲ್ಲ. ಉದ್ದೇಶವೇ ಇಲ್ಲದೆ ಸಲೀಸಾಗಿ ನಡೆಯುವುದೇ ಈ ರೂಢಿಯ ಬಲ. ಮನೆಯೊಳಗೆ ಸಿಟ್ಟಿನಲ್ಲಿ ಆಡುವ ‘ಈ ಹುಚ್ಚನ್ನ ಕಟಗೊಂಡು ಏನ ಮಾಡ್ಲಿ’ ಎಂಬ ಮಾತಿಗೆ ಸಾರ್ವಜನಿಕರ ಕಣ್ಣೂ ಇಲ್ಲ.

ಕೇಳಿದರೆ ಬರುವ ಸಮರ್ಥನೆಗಳು ಮೂರು: ‘ಪ್ರೀತೀಲೆ ಕರೀತೇವ್ರಿ’, ‘ನಮ್ಮ ಕಡೆ ಮಾತ ಹಂಗ’, ‘ಅವಗೇನ ತಿಳೀತೈತಿ ಬಿಡ್ರಿ’. ಮೊದಲನೆಯದನ್ನು ಪರೀಕ್ಷಿಸುವುದು ಸುಲಭ: ಆ ಪ್ರೀತಿಯ ಮಾತನ್ನು ಅವನು ಅವರಿಗೆ ತಿರುಗಿ ಅಂದರೆ ಕಪಾಳಕ್ಕೆ ಬೀಳುತ್ತದೆಯೋ ಇಲ್ಲವೋ. ಎರಡನೆಯದಕ್ಕೆ ಉತ್ತರ ಈ ಸೀಮೆಯಲ್ಲೇ ಇದೆ. ವಿಧವೆಯನ್ನು, ಹಲವು ಜಾತಿಗಳನ್ನು ಕರೆಯುತ್ತಿದ್ದ ಎಷ್ಟೋ ಮಾತುಗಳನ್ನು ಇದೇ ಜನ ಎರಡು ತಲೆಮಾರುಗಳಲ್ಲಿ ನಾಲಿಗೆಯಿಂದ ಇಳಿಸಿದ್ದಾರೆ. ಮೂರನೆಯದು ಎಲ್ಲಕ್ಕಿಂತ ಕ್ರೂರ, ಎಲ್ಲಕ್ಕಿಂತ ತಪ್ಪು. 1974ರಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಬೌದ್ಧಿಕ ಅಸಾಮರ್ಥ್ಯ ಇರುವವರೇ ಕೂಡಿ ಸಂಘ ಕಟ್ಟಿದಾಗ, ತಮ್ಮನ್ನು ಕರೆಯುತ್ತಿದ್ದ ಹೆಸರುಗಳಿಂದ ಬೇಸತ್ತು, ತಾವು ಮೊದಲು ಮನುಷ್ಯರು ಎಂಬ ಅರ್ಥದ ‘ಪೀಪಲ್ ಫಸ್ಟ್’ ಎಂಬ ಹೆಸರನ್ನು ಆರಿಸಿಕೊಂಡರು. ಲೆಕ್ಕ, ಓದು ಕಷ್ಟವಾದವರಿಗೆ ದನಿಯ ಏರಿಳಿತ, ಮುಖದ ವ್ಯಂಗ್ಯ ಕಷ್ಟವಾಗಬೇಕೆಂದೇನಿಲ್ಲ.

ಹಾಲಿನ ಸಾಲಿನವನಿಗೂ ತಿಳಿಯುತ್ತದೆ. ಮುದುಕಿಯ ಕಿಟ್ಲಿ ಮರಳಿಸಲು ಹೋದಾಗ ಆಕೆ ಅವನನ್ನು ಅವನ ಹೆಸರು ಹಿಡಿದು, ಕೊನೆಗೊಂದು ‘ಅಪ್ಪಾ’ ಸೇರಿಸಿ ಕರೆಯುತ್ತಾಳೆ, ಚಹಾ ಕುಡಿದು ಹೋಗೆನ್ನುತ್ತಾಳೆ. ಆಗ ಅವನು ಯಾರ ಮುಖವನ್ನೂ ನೋಡದೆ, ತಡಮಾಡದೆ, ಓಗೊಡುತ್ತಾನೆ.