ಅಶ್ಲೀಲದ ಮೂರು ಮುಖಗಳು: ಮಂಜರಾಬಾದು ಸೀಮೆಯ ಬೈಗುಳವೂ ಪ್ರಸಾರದ ನಿಯಮಗಳೂ

ಅಶ್ಲೀಲವೆಂಬ ಶಬ್ದಕ್ಕೆ ‘ಶ್ರೀ ಇಲ್ಲದುದು’ ಎಂದು ಹಿಂದಿನವರು ವ್ಯುತ್ಪತ್ತಿ ಹೇಳುತ್ತಾರೆ. ರೇಫವು ಲಕಾರವಾಗಿ ಶ್ರೀಲವು ಶ್ಲೀಲವಾಯಿತು, ಅದಲ್ಲದುದು ಅಶ್ಲೀಲ. ಕಾಶ್ಮೀರದ ವಾಮನನು ಕ್ರಿ. ಶ. ೮೦೦ರ ಸುಮಾರಿನಲ್ಲಿ ಈ ದೋಷವನ್ನು ಮೂರು ಬಗೆಯಾಗಿ ವಿಂಗಡಿಸಿದನು: ವ್ರೀಡೆಯನ್ನುಂಟುಮಾಡತಕ್ಕದ್ದು, ಜುಗುಪ್ಸೆಯನ್ನುಂಟುಮಾಡತಕ್ಕದ್ದು, ಅಮಂಗಲವನ್ನು ಸೂಚಿಸತಕ್ಕದ್ದು. ಮಮ್ಮಟನ ಕಾವ್ಯಪ್ರಕಾಶವೂ ಈ ವಿಭಾಗವನ್ನೇ ಒಪ್ಪಿತು. ನಾಚಿಕೆಯ ಮಾತು, ಹೇಸಿಗೆಯ ಮಾತು, ಕೇಡಿನ ಮಾತು ಎಂದು ಇದನ್ನು ತಿಳಿಗನ್ನಡದಲ್ಲಿ ಹೇಳಬಹುದು. ಇಂದು ಚಲನಚಿತ್ರ, ಆಕಾಶವಾಣಿ, ದೂರದರ್ಶನ ಮತ್ತು ಅಂತರಜಾಲಗಳಲ್ಲಿ ‘ಅವಾಚ್ಯ’ವೆಂದು ಯಾವ ಮಾತನ್ನು ಅಡಗಿಸುತ್ತಾರೆಂಬುದನ್ನು ಈ ಅಳತೆಗೋಲಿನಿಂದ ನೋಡಿದರೆ ಒಂದು ವಿಚಿತ್ರ ಸಂಗತಿ ಹೊರಪಡುತ್ತದೆ. ಮೂರರಲ್ಲಿ ಮೊದಲನೆಯದನ್ನು ಮಾತ್ರ ದೋಷವೆಂದು ಹಿಡಿದು, ಉಳಿದೆರಡನ್ನು ಬಹುಮಟ್ಟಿಗೆ ಬಿಟ್ಟುಬಿಡಲಾಗಿದೆ.

ನಿಯಮಗಳ ಅಕ್ಷರದಲ್ಲಿ ಈ ಕೊರತೆಯಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ೧೯೫೨ರ ಚಲನಚಿತ್ರ ಕಾಯಿದೆಯನ್ನನುಸರಿಸಿ ೧೯೯೧ರಲ್ಲಿ ಹೊರಟ ಮಾರ್ಗಸೂಚಿಯು ಅಸಭ್ಯತೆಯನ್ನೂ ದ್ವಂದ್ವಾರ್ಥದ ಮಾತುಗಳನ್ನೂ ನಿಷೇಧಿಸುವುದರ ಜೊತೆಗೆ, ಸ್ತ್ರೀಯರನ್ನು ಹೀನಯಿಸುವ ದೃಶ್ಯಗಳನ್ನೂ ಜನಾಂಗಗಳನ್ನು ತುಚ್ಛೀಕರಿಸುವ ಮಾತುಗಳನ್ನೂ ನಿಷೇಧಿಸುತ್ತದೆ. ೧೯೯೪ರ ಕೇಬಲ್ ದೂರದರ್ಶನ ನಿಯಮಗಳಲ್ಲಿ ಆರನೆಯದೂ ಹಾಗೆಯೇ ವಿಸ್ತಾರವಾದುದು. ಆದರೆ ಪ್ರಯೋಗವೇ ಬೇರೆ. ಮಾತಿನ ನಡುವೆ ‘ಕುಂಯ್’ ಎಂಬ ಧ್ವನಿ ಕೇಳಿಸುವುದು ದೇಹದ ಅಂಗವನ್ನೋ ಸಂಭೋಗವನ್ನೋ ಹೆಸರಿಸಿದಾಗ ಮಾತ್ರ. ೨೦೧೫ರ ಫೆಬ್ರವರಿಯಲ್ಲಿ ಚಲನಚಿತ್ರ ಪ್ರಮಾಣಪತ್ರ ಮಂಡಲಿಯಿಂದ ನಿಷಿದ್ಧಪದಗಳ ಒಂದು ಪಟ್ಟಿಯೇ ಹೊರಟಿತ್ತು; ಮಂಡಲಿಯೊಳಗಿಂದಲೇ ವಿರೋಧ ಬಂದುದರಿಂದ ಅದು ತಡೆಯಲ್ಪಟ್ಟಿತು. ಆ ಪಟ್ಟಿಯಲ್ಲಿದ್ದುದು ಇಂಗ್ಲಿಷು ಹಿಂದಿಗಳ ಪದಗಳು. ಕನ್ನಡದ ಬೈಗುಳವನ್ನು ಪಟ್ಟಿಮಾಡಲು ಯಾರಾದರೂ ಕುಳಿತಿದ್ದರೆ ಅವರಿಗೆ ಒದಗುತ್ತಿದ್ದ ಸಂಕಟವನ್ನು ಊಹಿಸಿದರೆ ನಗು ಬರುತ್ತದೆ.

ಈ ಸಂಕಟವನ್ನು ತಿಳಿಯಲು ಸಕಲೇಶಪುರ, ಆಲೂರು ತಾಲ್ಲೂಕುಗಳ ಮಲೆಯ ಮಾತು ಒಳ್ಳೆಯ ಒರೆಗಲ್ಲು. ಹಿಂದೆ ಮಂಜರಾಬಾದು ಎಂದು ಹೆಸರಾಗಿದ್ದ ಈ ಸೀಮೆಯಲ್ಲಿ ಕಾಫಿಯ ತೋಟವೇ ಒಂದು ಸಮಾಜ. ಕಾಫಿ ಒಣಗಿಸುವ ಕಣದಲ್ಲಿ ಸಾಹುಕಾರರು, ರೈಟರು, ಮೇಸ್ತ್ರಿ, ಲೈನುಮನೆಯ ಆಳುಗಳು ಒಟ್ಟಿಗೆ ನಿಲ್ಲುತ್ತಾರೆ. ಕನ್ನಡ, ತುಳು, ತಮಿಳು, ಮಲೆಯಾಳಗಳು ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರ ಮಾತೂ ಸೇರಿದೆ. ಇಲ್ಲಿ ಒಂದೇ ಶಬ್ದವು ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೆಂಬುದರ ಮೇಲೆ ಅದರ ತೂಕ ಬದಲಾಗುತ್ತದೆ. ‘ಏನ್ಲಾ’ ‘ಕಣ್ಲಾ’ ಎಂಬಲ್ಲಿಯ ‘ಲಾ’ ಪ್ರತ್ಯಯವನ್ನೇ ನೋಡಬಹುದು. ಒಟ್ಟಿಗೆ ದನ ಕಾಯ್ದು ಬೆಳೆದ ಇಬ್ಬರು ಮುದುಕರ ನಡುವೆ ಅದಕ್ಕಿಂತ ಸವಿಯಾದ ಸಂಬೋಧನೆಯಿಲ್ಲ. ಇಪ್ಪತ್ತು ವರ್ಷದ ಧಣಿಯ ಮಗನು ಅರುವತ್ತು ವರ್ಷದ ಆಳನ್ನು ಅದೇ ಪ್ರತ್ಯಯದಿಂದ ಕರೆದರೆ ಅದು ಬೈಗುಳಕ್ಕಿಂತ ಕ್ರೂರವಾಗುತ್ತದೆ. ಅದರಲ್ಲಿ ಒಂದಕ್ಷರವೂ ನಿಷಿದ್ಧವಲ್ಲ. ಯಾವ ಪಟ್ಟಿಯೂ ಏಕವಚನವನ್ನು ಸೇರಿಸಿಕೊಳ್ಳಲಾರದು.

ಈ ಮಾತು ಪರದೆಯ ಮೇಲೆ ಬಂದುದು ಕಡಮೆ. ಸಕಲೇಶಪುರದ ಸುತ್ತಮುತ್ತ ಚಿತ್ರಿತವಾದ ೨೦೦೬ರ ‘ಮುಂಗಾರು ಮಳೆ’ಯು ಇಲ್ಲಿಯ ಮಳೆಯನ್ನು ನಾಡಿಗೆಲ್ಲ ತೋರಿಸಿತು, ಇಲ್ಲಿಯ ಮಾತನ್ನು ಕೇಳಿಸಲಿಲ್ಲ. ನೆರೆಯ ಮೂಡಿಗೆರೆಯಲ್ಲಿ ತೋಟಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು ಮಾತ್ರ ‘ಅಬಚೂರಿನ ಪೋಸ್ಟಾಫೀಸು’, ‘ಕರ್ವಾಲೊ’ಗಳಲ್ಲಿ ಈ ಮಲೆಯ ಜನರ ಗದರಿಕೆ, ಹರಟೆ, ಅಪಹಾಸ್ಯಗಳಿಗೆ ಗದ್ಯದಲ್ಲಿ ಸ್ಥಾನ ಕೊಟ್ಟರು. ಇದನ್ನು ಗ್ರಾಮ್ಯವೆಂದು ದೂರುವವರು ಮಮ್ಮಟನನ್ನು ಪೂರ್ತಿಯಾಗಿ ಓದಿದವರಲ್ಲ. ಅಧಮಪ್ರಕೃತಿಯ ಪಾತ್ರಗಳ ಉಕ್ತಿಯಲ್ಲಿ ಗ್ರಾಮ್ಯವು ದೋಷವಾಗುವುದಿಲ್ಲ, ಗುಣವೇ ಆಗುತ್ತದೆಂದು ಆತನು ಹೇಳಿದ್ದಾನೆ. ಕೂಲಿಯವನನ್ನು ‘ಅಧಮಪ್ರಕೃತಿ’ ಎಂದು ಕರೆಯುವುದು ಇಂದು ಯಾರಿಗೂ ಒಪ್ಪತಕ್ಕದ್ದಲ್ಲ. ಆದರೂ ಆ ಸೂತ್ರದ ತಿರುಳು, ಎಂದರೆ ಮಾತು ಆಡುವವನಿಗೆ ತಕ್ಕುದಾಗಿರಬೇಕೆಂಬುದು, ಕೆಡುವುದಿಲ್ಲ.

ಇನ್ನು ಮೂರನೆಯ ಬಗೆಯಾದ ಅಮಂಗಲಕ್ಕೆ ಬರಬಹುದು. ಕನ್ನಡಿಗರು ಬೈಗುಳವೆಂದೇ ಎಣಿಸದೆ ಮುದ್ದಿನಿಂದಲೂ ಆಡುವ ‘ಮುಂಡೇದೇ’ ಎಂಬ ಮಾತು ಹಾಸ್ಯನಟರ ಬಾಯಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದೆ. ಅದನ್ನು ಅಡಗಿಸಬೇಕೆಂದು ಯಾರಿಗೂ ತೋರಿಲ್ಲ. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ‘ಮುಂಡೆ’ಗೆ ಕೊಡುವ ಅರ್ಥ ವಿಧವೆ ಎಂದು. ತಲೆ ಬೋಳಿಸಲ್ಪಟ್ಟವಳು ಎಂಬ ಮೂಲಾರ್ಥದ ‘ಬೋಳಿ’ಯೂ ಇದರ ಜೋಡಿ. ‘ರಂಡೆ’ಯೆಂಬುದು ಸಂಸ್ಕೃತದ ವಿಧವಾವಾಚಕವಾಗಿದ್ದು ಕನ್ನಡದಲ್ಲಿ ವ್ಯಭಿಚಾರಿಣಿಯೆಂಬ ಅರ್ಥಕ್ಕೂ ಜಾರಿತು. ಗಂಡ ಸತ್ತವಳ ದುರವಸ್ಥೆಯೇ ಬೈಗುಳದ ಬೀಜವಾಗಿ, ಬರಬರುತ್ತ ಅವಳ ಶೀಲದ ಮೇಲೆ ಹೊರಿಸಿದ ಅಪವಾದವಾಯಿತು. ಮಗನನ್ನು ಬೈಯುವಾಗಲೂ ಅವಳನ್ನೇ ಎಳೆದುತರುವ ಸಮಾಸಗಳು ಉಂಟು; ಅವುಗಳನ್ನು ಇಲ್ಲಿ ವಿವರಿಸಬೇಕಾದುದಿಲ್ಲ. ಹಾಗೆಯೇ ‘ಮನೆಹಾಳ’, ‘ನಿರ್ವಂಶವಾಗ’ ಎಂಬ ಶಾಪಗಳಲ್ಲಿ ನಾಚಿಕೆಯ ಅಂಶವೇ ಇಲ್ಲ. ಕೇಡು ಮಾತ್ರ ಇದೆ. ನಿಯಮವು ಕಿವಿಗೊಡುವುದು ನಾಚಿಕೆಗೆ, ಕೇಡಿಗಲ್ಲ.

‘ಮುಂಡೇದೇ’ ಎಂಬುದನ್ನು ಸಮರ್ಥಿಸುವುದಕ್ಕೆ ವಾಮನನಲ್ಲಿಯೇ ಆಧಾರ ಸಿಕ್ಕುತ್ತದೆ. ಅಶ್ಲೀಲವು ಗುಪ್ತವಾಗಿದ್ದರೂ, ಲಕ್ಷಿತವಾಗಿದ್ದರೂ, ಸಂವೃತವಾಗಿದ್ದರೂ ದೋಷವಲ್ಲವೆಂದು ಆತನು ಹೇಳುತ್ತಾನೆ. ಸಂವೃತವೆಂದರೆ ಲೋಕರೂಢಿಯು ಮುಚ್ಚಿದುದು. ಭಗಿನೀ ಎಂಬ ಶಬ್ದದಲ್ಲಿ ಯಾರೂ ಕೆಟ್ಟುದನ್ನು ನೆನೆಯುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು ೧೯೬೪ರಲ್ಲಿ ಇಂಗ್ಲೆಂಡಿನ ೧೮೬೮ರ ಹಿಕ್ಲಿನ್ ನಿಕಷವನ್ನು ಅಂಗೀಕರಿಸಿ, ೨೦೧೪ರಲ್ಲಿ ಅದನ್ನು ಬಿಟ್ಟು, ಸಮಕಾಲೀನ ಸಮಾಜದ ಮಾನದಿಂದ ಅಶ್ಲೀಲವನ್ನು ಅಳೆಯಬೇಕೆಂದು ವಿಧಿಸಿದುದು ಒಂದು ಬಗೆಯಲ್ಲಿ ಈ ಲೋಕಸಂವೃತದ ತತ್ತ್ವವೇ. ಆದರೆ ಲೋಕವೆಂದರೆ ಯಾರು? ಮುಚ್ಚಿದ ಕೈ ಗಂಡಸರದು. ಮನೆಯ ಮೂಲೆಯಲ್ಲಿ ಕುಳಿತು ಆ ಹಾಸ್ಯವನ್ನು ಕೇಳುವ ವಿಧವೆಗೆ ಆ ಶಬ್ದದ ಮೇಲಿನ ಮುಸುಕು ಎಂದೂ ಬಿದ್ದಿರಲಿಲ್ಲವೆಂದೇ ತೋರುತ್ತದೆ.

ಈ ತಾರತಮ್ಯವನ್ನು ಪ್ರಸಾರಕ್ಕಿಂತ ದಂಡನೀತಿಯೇ ಚೆನ್ನಾಗಿ ಕಂಡಿದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೯೬ನೆಯ ವಿಧಿಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರುಕುಳವಾಗುವಂತೆ ಅಶ್ಲೀಲವಾಗಿ ಹಾಡಿದವನಿಗೆ ಅಥವಾ ನುಡಿದವನಿಗೆ ಹೆಚ್ಚೆಂದರೆ ಮೂರು ತಿಂಗಳ ಸೆರೆ, ಸಾವಿರ ರೂಪಾಯಿ ದಂಡ. ೧೯೮೯ರ ದೌರ್ಜನ್ಯ ತಡೆ ಕಾಯಿದೆಯಲ್ಲಿ, ಪರಿಶಿಷ್ಟ ಜಾತಿ ಪಂಗಡಗಳವರನ್ನು ಸಾರ್ವಜನಿಕರ ಎದುರಿಗೆ ಜಾತಿಯ ಹೆಸರಿಡಿದು ಬೈದವನಿಗೆ ಆರು ತಿಂಗಳಿಗೆ ಕಡಮೆಯಿಲ್ಲದೆ ಐದು ವರ್ಷಗಳವರೆಗೆ ಶಿಕ್ಷೆ. ಶಾಸನಕಾರರಿಗೆ ಯಾವ ಮಾತು ಭಾರವೆಂಬುದು ತಿಳಿದಿತ್ತು. ಪರದೆಯ ಮೇಲೆ ಮೂರು ತಿಂಗಳ ಮಾತಿಗೆ ಧ್ವನಿ ಅಡಗುತ್ತದೆ. ಐದು ವರ್ಷದ ಮಾತು ಕೆಲವು ವೇಳೆ ‘ಸಹಜ ಸಂಭಾಷಣೆ’ಯಾಗಿ ದಾಟಿಹೋಗುತ್ತದೆ. ಇನ್ನೊಂದು ಕಡೆ, ೧೯೭೫ರಲ್ಲಿ ಹೊರಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ತನ್ನ ಒರಟು ನುಡಿಯಿಂದಲೇ ಕಾವ್ಯರಸಿಕರನ್ನು ಬೆಚ್ಚಿಬೀಳಿಸಿತು. ಬೈಗುಳವನ್ನು ತಲೆಮಾರುಗಳಿಂದ ಕೇಳಿಸಿಕೊಂಡವನು ಅದನ್ನು ಹಿಂದಿರುಗಿಸಿದಾಗ ಮಾತ್ರ ಅದು ಅಸಭ್ಯವೆಂದು ಕಂಡಿತೆಂಬುದು ಗಮನಿಸತಕ್ಕ ಅಂಶ.

ಇಂಥ ಹಿಂದಿರುಗಿಸುವಿಕೆಗೆ ನಮ್ಮ ನಾಡಿನ ಜಾನಪದವು ಕಾಲವನ್ನೂ ಸ್ಥಳವನ್ನೂ ಗೊತ್ತುಮಾಡಿತ್ತು. ಹಾಸನದ ಗಡಿಗೆ ತಾಕಿದ ಕೊಡಗಿನಲ್ಲಿ, ಗೋಣಿಕೊಪ್ಪಲಿನ ಬಳಿಯ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಜೇನುಕುರುಬರು, ಬೆಟ್ಟಕುರುಬರು, ಎರವರು ಹೆಣ್ಣುವೇಷ ಹಾಕಿ, ಡಬ್ಬ ಬುರುಡೆಗಳನ್ನು ಬಡಿಯುತ್ತ, ತಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟು ಹೋದ ದೇವರನ್ನೂ ಎದುರಾದವರನ್ನೂ ಬಾಯ್ತುಂಬ ಬೈದು ಕಾಸು ಕೇಳುತ್ತಾರೆ. ವರ್ಷವೆಲ್ಲ ತೋಟದಲ್ಲಿ ಬೈಸಿಕೊಂಡವರು ಅಂದು ಬೈಯುತ್ತಾರೆ. ಧಣಿಗಳು ನಕ್ಕು ಕಾಸು ಕೊಡುತ್ತಾರೆ. ಸಕಲೇಶಪುರ ಆಲೂರುಗಳ ಸುಗ್ಗಿಯೂ ಹೀಗೆ ಕಾಲನಿಯಮಕ್ಕೆ ಕಟ್ಟುಬಿದ್ದ ಹಬ್ಬವೇ. ಆ ದಿನಗಳಲ್ಲಿ ಒಗ್ಗರಣೆ ಹಾಕಬಾರದೆಂಬಂಥ ಕಟ್ಟಳೆಗಳೂ ಊರಿನ ಕುಣಿತವೂ ಒಟ್ಟಿಗೇ ಇರುತ್ತವೆ. ಪ್ರಸಾರಕ್ಕೆ ಇಂಥ ಗಡಿಯಿಲ್ಲ. ದೇವರಪುರದ ಒಂದು ಹೊತ್ತಿನ ಮಾತು ಕೈಯ ಫೋನಿನಲ್ಲಿ ಸೆರೆಯಾಗಿ, ಹಬ್ಬದ ಸಂಬಂಧವೇ ತಿಳಿಯದವನ ಮನೆಗೆ ಯಾವ ದಿನದಲ್ಲಾದರೂ ಹೋಗುತ್ತದೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ದೇಶಕಾಲಗಳನ್ನು ಕಳಚಿಕೊಂಡ ಮಾತಿನಲ್ಲಿ ಔಚಿತ್ಯವನ್ನು ಹುಡುಕುವ ಕಷ್ಟ ಆತನಿಗೆ ಬಂದಿರಲಿಲ್ಲ.

ಈ ಕಷ್ಟವೇ ಈಚೆಗೆ ನ್ಯಾಯಾಲಯದ ಮೆಟ್ಟಿಲೇರಿತು. ಅಂತರಜಾಲದ ಒಂದು ಹಿಂದಿ ಧಾರಾವಾಹಿಯಲ್ಲಿ ಕಾಲೇಜು ಹುಡುಗರ ಬೈಗುಳವನ್ನು ಕೇಳಿದ ದೆಹಲಿಯ ಉಚ್ಚ ನ್ಯಾಯಾಲಯವು, ಕಿವಿಗೆ ಯಂತ್ರವಿಟ್ಟುಕೊಳ್ಳದೆ ಕೋಣೆಯಲ್ಲಿ ಅದನ್ನು ನೋಡುವಂತಿರಲಿಲ್ಲವೆಂದು ೨೦೨೩ರಲ್ಲಿ ಬರೆಯಿತು. ೨೦೨೪ರ ಮಾರ್ಚ್ ೧೯ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಅಸಭ್ಯವಾದ ಮಾತು ತನ್ನಷ್ಟಕ್ಕೆ ಅಶ್ಲೀಲವಾಗದೆಂದೂ, ಆಡಿದವನ ಕೋಪ ಹತಾಶೆಗಳನ್ನು ನೋಡಬೇಕೆಂದೂ ನಿರ್ಣಯಿಸಿತು. ಶಬ್ದಕ್ಕಿಂತ ಸಂದರ್ಭವು ದೊಡ್ಡದೆಂಬ ಅಂಶದಲ್ಲಿ ಇದು ಒಳ್ಳೆಯ ನಿರ್ಣಯ. ಆದರೂ ಇಲ್ಲಿ ಎತ್ತಿದ ಪ್ರಶ್ನೆ ಕಾಮೋದ್ದೀಪನವಾಗುವುದೇ ಇಲ್ಲವೇ ಎಂಬುದು ಮಾತ್ರ. ಚರ್ಚೆಯೆಲ್ಲ ವ್ರೀಡೆಯ ಸುತ್ತಲೇ ಸುತ್ತಿತು. ೨೦೨೧ರ ಡಿಜಿಟಲ್ ಮಾಧ್ಯಮ ನಿಯಮಗಳು ಏಳು, ಹದಿಮೂರು, ಹದಿನಾರು ವರ್ಷಗಳೆಂದು ನೋಡುವವರ ವಯಸ್ಸನ್ನು ವಿಭಾಗಿಸುವಾಗ ಭಾಷೆಯನ್ನೂ ಒಂದು ಲಕ್ಷಣವಾಗಿ ಎಣಿಸುತ್ತವೆ. ಅಂಗವಾಚಕವೊಂದನ್ನು ಆಡಿದ ಚಿತ್ರ ಹದಿನಾರರ ಮೇಲಿನವರಿಗೆಂದು ಮೀಸಲಾಗಬಹುದು. ಧಣಿಯ ಮಗನು ಮುದುಕನನ್ನು ಏಕವಚನದಲ್ಲಿ ಕರೆದು, ಅವನ ತಾಯಿಯನ್ನು ವಿಧವೆಯೆಂದು ಹಳಿದು ನಗಿಸುವ ಚಿತ್ರವನ್ನು ಏಳು ವರ್ಷದ ಮಗುವು ಅಜ್ಜಿಯ ಪಕ್ಕದಲ್ಲಿ ಕುಳಿತು ನೋಡುವುದಕ್ಕೆ ಅಡ್ಡಿಯಿಲ್ಲ.