ಚಾಮಯ್ಯ ಮೇಷ್ಟ್ರ ಆತುರ

‘ನಾಗರಹಾವು’ ದುಡುಕು ಹುಡುಗನೊಬ್ಬನ ಕಥೆ ಎಂದು ನಮ್ಮ ಸೀಮೆಯಲ್ಲಿ ಐದು ದಶಕಗಳಿಂದ ಹೇಳಿಕೊಂಡು ಬಂದಿದ್ದೇವೆ. ಈ ಚಿತ್ರ ನಮಗೆ ಹೊರಗಿನದೂ ಅಲ್ಲ. ಇದರ ಮೂಲ ಕಾದಂಬರಿಕಾರ ತರಾಸು 1920ರಲ್ಲಿ ಹುಟ್ಟಿದ ಮಲೆಬೆನ್ನೂರು, ಹೊನ್ನಾಳಿಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲೇ ಇದೆ. 1972ರಲ್ಲಿ ಚಿತ್ರ ತೆರೆಕಂಡಾಗ ಜಗಳೂರು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. ಅಲ್ಲಿಯವರಿಗೆ ಪರದೆಯ ಮೇಲೆ ಕಂಡದ್ದು ತಮ್ಮದೇ ಜಿಲ್ಲೆಯ ಕೋಟೆ. ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗಕ್ಕೆ ಸೇರಿದ್ದವು, ನ್ಯಾಮತಿ ಇನ್ನೂ ಹೊನ್ನಾಳಿಯೊಳಗಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಇವೆಲ್ಲ ಒಂದೆಡೆ ಬಂದವು. ಚಿತ್ರದ ನಾಯಕ ರಾಮಾಚಾರಿ ಮಾತ್ರ ಆ ಗಡಿಗಳನ್ನು ಎಂದೋ ದಾಟಿದ್ದ.

ಆದರೆ ಚಿತ್ರವನ್ನು ಮತ್ತೆ ನೋಡಿದರೆ ನನ್ನನ್ನು ಕಾಡುವುದು ಅವನ ಗುರು ಚಾಮಯ್ಯ ಮೇಷ್ಟ್ರ ಆತುರ. ರಾಮಾಚಾರಿಯ ಸಿಟ್ಟು ಎಲ್ಲರಿಗೂ ಕಾಣುವಂಥದ್ದು. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದವನು ಅವನು. ಮೇಷ್ಟ್ರ ಅಸಹನೆಗೆ ಪ್ರೀತಿಯ ಹೊದಿಕೆ ಇದೆ. ಹುಡುಗ ಪ್ರೀತಿಸಿದ ಅಲಮೇಲು ಬೇರೆ ಜಾತಿಯವಳು, ಬಿಟ್ಟುಬಿಡು ಎನ್ನುತ್ತಾರೆ, ಶಿಷ್ಯ ಬಿಡುತ್ತಾನೆ. ಅವಳು ಬೇರೊಬ್ಬನ ಹೆಂಡತಿಯಾಗಿ, ಕಡೆಗೆ ಮೈಮಾರಿಕೊಳ್ಳುವ ಸ್ಥಿತಿಗೆ ಬೀಳುತ್ತಾಳೆ. ಇಷ್ಟಾದ ಮೇಲೂ, ಅವನು ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲಿ, ಹುಡುಗನ ಮಾತನ್ನು ಪೂರ್ತಿ ಕೇಳುವ ವ್ಯವಧಾನ ಗುರುವಿಗಿಲ್ಲ. ಬೆಟ್ಟದ ಮೇಲೆ ಗುರು ಬೀಳುತ್ತಾರೆ, ಆಮೇಲೆ ಪ್ರೇಮಿಗಳಿಬ್ಬರೂ ಹಾರುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾವು ಹುಡುಗರಿಗಷ್ಟೇ ಹೇಳುತ್ತೇವೆ.

ನಿರ್ದೇಶಕ ಪುಟ್ಟಣ್ಣ ಕಣಗಾಲರ ಕ್ಯಾಮೆರಾಕ್ಕೆ ಇದೆಲ್ಲ ಕಂಡಿತ್ತು, ಮೇಷ್ಟ್ರ ಪಾತ್ರದ ಕೆ.ಎಸ್. ಅಶ್ವತ್ಥರ ಮುಖದ ಮೇಲೆ ಅದು ಸ್ಪಷ್ಟವಾಗಿಯೇ ಇದೆ. ಕೊನೆಗೆ ಮಾತ್ರ ನಿರ್ದೇಶಕರು ಪ್ರೇಮಿಗಳನ್ನು ಕಣಿವೆಗೆ ತಳ್ಳಿ, ಮೇಷ್ಟ್ರನ್ನು ಹುತಾತ್ಮರನ್ನಾಗಿಸುತ್ತಾರೆ. ನಮ್ಮ ಜನಪ್ರಿಯ ಚಿತ್ರಪರಂಪರೆಯ ದೊಡ್ಡ ದೋಷ ಇದು: ರೋಗವನ್ನು ಸರಿಯಾಗಿ ಗುರುತಿಸಿ, ಔಷಧವನ್ನು ಬೇರೆಯವರಿಗೆ ಕುಡಿಸುತ್ತದೆ. ‘ನಾಗರಹಾವು’ಗಿಂತ ಒಂದು ವರ್ಷ ಮೊದಲು ಬಂದ ಅವರದೇ ‘ಶರಪಂಜರ’ ಹೆಚ್ಚು ಪ್ರಾಮಾಣಿಕ. ಮಾನಸಿಕ ಅಸ್ವಸ್ಥತೆಯಿಂದ ಚೇತರಿಸಿಕೊಂಡು ಮನೆಗೆ ಮರಳಿದ ಕಾವೇರಿಗೆ ಬೇಕಿದ್ದದ್ದು ಸ್ವಲ್ಪ ಕಾಲ. ಗಂಡನಿಗೆ ಅಷ್ಟು ತಾಳ್ಮೆ ಇರಲಿಲ್ಲ, ನೆರೆಹೊರೆಯವರಿಗಂತೂ ಇರಲೇ ಇಲ್ಲ. ಕಲ್ಪನಾ ಅವರ ಕಾವೇರಿಯನ್ನು ಎರಡನೇ ಸಲ ಕೆಡವಿದ್ದು ಈ ಕಾಯಲಾರದ ಜನ. ಇಲ್ಲಿ ಪುಟ್ಟಣ್ಣ ಆ ಜನರನ್ನು ಬಚಾವು ಮಾಡುವುದಿಲ್ಲ.

ಮುಂದಿನ ಚಿತ್ರಕಾರರು ರಾಮಾಚಾರಿಯ ಸಿಟ್ಟನ್ನಿಟ್ಟುಕೊಂಡು ಆತುರದ ಪ್ರಶ್ನೆಯನ್ನು ಕೈಬಿಟ್ಟರು. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯ ನಾಯಕ, ಹಳೆಯ ರಾಮಾಚಾರಿಯಾಗಿ ನಟಿಸಿದ ವಿಷ್ಣುವರ್ಧನ್ ಅವರ ಅಭಿಮಾನಿ. ಅಲ್ಲಿ ದುಡುಕು ಅಲಂಕಾರ. ಹುಡುಗ, ಹುಡುಗಿ ಇಬ್ಬರೂ ಜಿದ್ದಿಗೆ ಬಿದ್ದು ಸಂಬಂಧ ಮುರಿದುಕೊಂಡದ್ದಕ್ಕೆ ಕ್ಲೈಮ್ಯಾಕ್ಸೇ ಪರಿಹಾರ. ಯಾಕೆ ಮುರಿಯಿತು ಎಂದು ಯಾರೂ ಕೂತು ಮಾತಾಡುವುದಿಲ್ಲ.

ಇದಕ್ಕೆ ಉತ್ತರದಂತಿರುವುದು ಗಿರೀಶ ಕಾಸರವಳ್ಳಿಯವರ ‘ಮನೆ’. ನಗರದ ಬಾಡಿಗೆ ಮನೆಗೆ ಬಂದ ದಂಪತಿಗೆ ಪಕ್ಕದ ಶೆಡ್ಡಿನ ಸದ್ದು ಸಹಿಸಲಾಗುವುದಿಲ್ಲ. ಸದ್ದಡಗಿಸಲು ಪರಿಚಯ, ಪ್ರಭಾವ ಎಲ್ಲ ಬಳಕೆಯಾಗುತ್ತವೆ. ನೆಮ್ಮದಿ ಮಾತ್ರ ಬರುವುದಿಲ್ಲ. ಬಂಡೆಯಿಂದ ಯಾರೂ ಬೀಳದೆಯೂ ದಾಂಪತ್ಯ ಬಿರುಕುಬಿಡುತ್ತದೆ. ನಮ್ಮ ಮನೆಗಳ ಸಿಡುಕು, ಚಡಪಡಿಕೆಗಳಿಗೆ ಕೋಟೆಯ ತುದಿಗಿಂತ ಈ ಬಾಡಿಗೆ ಮನೆಯೇ ಹತ್ತಿರ. ಆದರೆ ಕಾಸರವಳ್ಳಿಯವರ ಮಾರ್ಗ ಪುಟ್ಟಣ್ಣನವರ ಚಿತ್ರಗಳಂತೆ ಜನರ ಬಾಯಿಗೆ ಬರಲಿಲ್ಲ. ಅದು ಆ ಮಾರ್ಗದ ಮಿತಿಯೂ ಹೌದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಾಲೇಜುಗಳಲ್ಲಿ ಪಾಠ ಮಾಡುವವರು ‘ನಾಗರಹಾವು’, ‘ಮನೆ’ ಎರಡನ್ನೂ ಮಕ್ಕಳಿಗೆ ತೋರಿಸಲಿ. ಚರ್ಚೆ ಶುರುವಾದಾಗ ರಾಮಾಚಾರಿಯ ತಪ್ಪುಗಳ ಪಟ್ಟಿ ಮಾಡಿಸುವ ಮೊದಲು ಚಾಮಯ್ಯ ಮೇಷ್ಟ್ರ ಬಗ್ಗೆ ಕೇಳಲಿ.