ಕ್ರಿಮಿಯೂ ನಂಜೂ: ಆಹಾರಾರೋಗ್ಯದ ಒಂದು ಸೂತ್ರದ ವಿಮರ್ಶೆ

ಆಹಾರನೈರ್ಮಲ್ಯವನ್ನು ಕುರಿತು ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಬರೆಯುವವರು ಬಹುಮಟ್ಟಿಗೆ ಒಂದೇ ಸೂತ್ರವನ್ನು ಆಶ್ರಯಿಸುತ್ತ ಬಂದಿರುವರು: ರೋಗವನ್ನು ತರುವವು ಕ್ರಿಮಿಗಳು, ಬೆಂಕಿಯು ಕ್ರಿಮಿಗಳನ್ನು ಕೊಲ್ಲುವದು, ಆದುದರಿಂದ ಚೆನ್ನಾಗಿ ಬೇಯಿಸಿದ ಆಹಾರವು ನಿರ್ಭಯವಾದುದು. ಈ ಸೂತ್ರದಿಂದಾದ ಉಪಕಾರವು ಅಲ್ಪವಲ್ಲ. ಕಾಲರಾ, ವಿಷಮಶೀತಜ್ವರಗಳ ಕ್ರಿಮಿಗಳು ಕುದಿಯುವ ನೀರಿನಲ್ಲಿ ಬದುಕಲಾರವು. ಆದರೆ ಜೋಳವೂ ಶೇಂಗಾವೂ ನಿತ್ಯಾಹಾರವಾಗಿರುವ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಇದನ್ನು ಅನ್ವಯಿಸಿ ನೋಡಿದರೆ ಇದರ ಅಪೂರ್ಣತೆಯು ಸ್ಪಷ್ಟವಾಗುವದು.

ದೋಷದ ಮೂಲವು ಕ್ರಿಮಿ, ನಂಜು ಎಂಬೆರಡು ಮಾತುಗಳನ್ನು ಒಂದೇ ಅರ್ಥದಲ್ಲಿ ಬಳಸುವದರಲ್ಲಿದೆ. ಕ್ರಿಮಿಯು ಸಜೀವವಾದುದು, ನಂಜು ಅದು ಆಹಾರದಲ್ಲಿ ಬಿಟ್ಟುಹೋಗುವ ನಿರ್ಜೀವ ದ್ರವ್ಯ. ಹಾವು ಸತ್ತ ಮಾತ್ರಕ್ಕೆ ಏರಿದ ವಿಷವು ಇಳಿಯುವದಿಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಶೇಂಗಾ ಮತ್ತು ಧಾನ್ಯಗಳಲ್ಲಿ ಅಫ್ಲಟಾಕ್ಸಿನ್ ಎಂಬ ನಂಜನ್ನೂ, ಫ್ಯುಸೇರಿಯಮ್ ಜಾತಿಯ ಬೂಷ್ಟು ಫ್ಯುಮೋನಿಸಿನ್ ಎಂಬುದನ್ನೂ ಉಂಟುಮಾಡುವವು. ಹಂಚಿನ ಕಾವಿಗೆ ಬೂಷ್ಟು ಸಾಯುವದು. ನಂಜು ಪೂರ್ಣವಾಗಿ ನಾಶವಾಗದು. 1960ರಲ್ಲಿ ಇಂಗ್ಲಂಡದಲ್ಲಿ ಕೆಟ್ಟ ಶೇಂಗಾ ಹಿಂಡಿಯನ್ನು ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತ ಮೇಲೆಯೇ ಅಫ್ಲಟಾಕ್ಸಿನ್ನಿನ ಶೋಧವಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳವನ್ನುಂಡು ನೂರಕ್ಕೂ ಹೆಚ್ಚು ಜನರು ಯಕೃತ್ತಿನ ಬೇನೆಯಿಂದ ಮಡಿದರು.

ಕನ್ನಡ ನಾಡಿಗೆ ಇನ್ನೂ ಸಮೀಪದ ನಿದರ್ಶನವು 1995ರದು. ಆ ವರ್ಷ ದಖ್ಖನ ಪ್ರಸ್ಥಭೂಮಿಯಲ್ಲಿ ಅಕಾಲದ ಮಳೆಗೆ ಸಿಕ್ಕ ಜೋಳ, ಗೋವಿನಜೋಳಗಳನ್ನುಂಡವರಿಗೆ ಹೊಟ್ಟೆನೋವು, ಹೊಟ್ಟೆಯ ಗುಡುಗು, ಭೇದಿ ಉಂಟಾದವು. ಸಮೀಕ್ಷೆಗೊಳಗಾದ 50 ಹಳ್ಳಿಗಳ ಪೈಕಿ 27ರಲ್ಲಿ ಈ ಬೇನೆಯು ಕಂಡುಬಂದಿತು. ಧಾನ್ಯದಲ್ಲಿ ಫ್ಯುಮೋನಿಸಿನ್ ದೊರೆಯಿತು. ಜೋಳವನ್ನು ಬೀಸಿ, ಬೇಯಿಸಿಯೇ ಉಣ್ಣುವ ಜನರಿವರು. ಬೇಯಿಸಿದ್ದು ನಿರ್ಭಯವೆಂಬ ಸೂತ್ರವು ಇವರನ್ನು ಕಾಯಲಿಲ್ಲ.

ಇದರಿಂದ ಈ ಸೀಮೆಯ ಹಳೆಯ ಪದ್ಧತಿಯೆಲ್ಲವೂ ನಿರರ್ಥಕವೆಂದು ಹೇಳುವದು ನ್ಯಾಯವಲ್ಲ. ಹಿಂಗಾರಿಯ ಬಿಳಿಜೋಳವು ಮಳೆಯಿಲ್ಲದ ದಿನಗಳಲ್ಲಿ ಬಲಿಯುವದರಿಂದ ಮುಂಗಾರಿಯ ಜೋಳಕ್ಕಿಂತ ಬೂಷ್ಟಿಗೆ ಕಡಿಮೆ ಈಡಾಗುವದು. ಕಡಕ ರೊಟ್ಟಿಯು ಬಹುದಿನ ಕೆಡದಿರುವದು ತೇವಾಂಶವು ಆರಿಹೋದುದರಿಂದ. ಇಂಡಿಯ ನಿಂಬೆಯ ಉಪ್ಪಿನಕಾಯಿ ಉಳಿಯುವದು ಹುಳಿ ಮತ್ತು ಉಪ್ಪಿನ ಬಲದಿಂದ. ಮುಚ್ಚಿದ ಹಗೇವಿನೊಳಗೆ ಕಾಳಿನ ಉಸಿರಾಟದಿಂದಲೇ ಆಮ್ಲಜನಕವು ಕುಂದಿ ಹುಳುಗಳು ಸಾಯುವವು. ಅದೇ ಹಗೇವಿಗೆ ನೀರು ಒಸರಿದರೆ ಗೋಡೆಗೆ ತಾಗಿದ ಕಾಳು ಬೂಷ್ಟು ಹಿಡಿಯುವದು. ತೇವವೇ ವೈರಿಯೆಂಬ ಅರಿವು ಈ ಎಲ್ಲ ಪದ್ಧತಿಗಳಲ್ಲಿ ಅಡಗಿದೆ. ಶಾಸ್ತ್ರವೂ ಅದನ್ನೇ ಸಮರ್ಥಿಸುವದು.

ಆದರೆ ಇದೇ ಪದ್ಧತಿಯ ಒಂದು ಕೊರತೆಯನ್ನು ಮರೆಮಾಚಲಾಗದು. ಅದು ಕಣ್ಣಿಗೆ ಕಂಡ ಕೇಡನ್ನಷ್ಟೇ ಲೆಕ್ಕಿಸುವದು. ಬೂಷ್ಟನ್ನು ತಿಕ್ಕಿ ತೊಳೆದು ಕಾಳನ್ನು ಬಳಸುವದು, ಮನುಷ್ಯರಿಗಾಗದ ಹಿಂಡಿಯನ್ನು ಎಮ್ಮೆಗೆ ಹಾಕುವದು ಮಿತವ್ಯಯವೆಂದು ತೋರುವವು. ಒಳಗಿಳಿದ ನಂಜು ತೊಳೆದರೆ ಹೋಗದು; ಎಮ್ಮೆ ತಿಂದ ಅಫ್ಲಟಾಕ್ಸಿನ್ನಿನ ಒಂದಂಶವು ರೂಪಾಂತರ ಹೊಂದಿ ಹಾಲಿನಲ್ಲಿ ಬಂದು ಕೂಸಿನ ಬಟ್ಟಲನ್ನು ಸೇರುವದು. ಅಲ್ಪಪ್ರಮಾಣದಲ್ಲಿ ವರ್ಷಾನುಗಟ್ಟಲೆ ಸೇವಿಸಿದರೆ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ನಂಜಿದು. ಭಾರತದ ಆಹಾರಸುರಕ್ಷಾ ನಿಯಮಗಳು ಧಾನ್ಯದಲ್ಲಿ ಇದಕ್ಕೆ ಕಿಲೋಗ್ರಾಮಿಗೆ 15 ಮೈಕ್ರೋಗ್ರಾಮುಗಳ ಮಿತಿಯನ್ನು ವಿಧಿಸಿವೆ. ಈ ಪ್ರಮಾಣವನ್ನು ಯಾವ ಗೃಹಿಣಿಯ ಕಣ್ಣೂ ಅಳೆಯಲಾರದು, ಪ್ರಯೋಗಶಾಲೆಯೇ ಅಳೆಯಬೇಕು.

ಆದುದರಿಂದ ಸೂತ್ರವನ್ನು ತ್ಯಜಿಸದೆ ತಿದ್ದಿಕೊಳ್ಳುವದು ಯುಕ್ತ. ಬೇಯಿಸುವದು ಕ್ರಿಮಿಗೆ ಮದ್ದು. ನಂಜಿಗಾದರೋ, ಅದು ಹುಟ್ಟದಂತೆ ತಡೆಯುವದೇ ಮದ್ದು. ತೆನೆ ಕೊಯ್ದೊಡನೆ ಒಣಗಿಸುವದು, ತೇವ ತಾಗದಂತೆ ಸಂಗ್ರಹಿಸುವದು, ಸುಕ್ಕಿದ ಮತ್ತು ಬಣ್ಣಗೆಟ್ಟ ಶೇಂಗಾಕಾಳನ್ನು ಆರಿಸಿ ತೆಗೆಯುವದು, ಅದನ್ನು ದನಗಳಿಗೂ ಹಾಕದಿರುವದು ಇವೇ ಆ ಮದ್ದಿನ ಅಂಗಗಳು. ಈ ನಾಲ್ಕು ತಾಲೂಕುಗಳಿಗಾಗಿ ಬರೆಯುವ ಆರೋಗ್ಯಬೋಧೆಯು ಒಲೆಯ ಮಾತಿಗೆ ಬರುವ ಮೊದಲು ರಾಶಿಯ ಕಣದ ಮಾತನ್ನು ಹೇಳಬೇಕು.